ಗೂಲ್‌ಗಳ ಜೊತೆ ಮಾತಿಗೆ ಕೂತು

ಫಾಲ್‌ಔಟ್ ಸರಣಿಯ ವಿಡಿಯೋ ಗೇಮ್‌ಗಳನ್ನು ಆಡುವಾಗ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಬಂದೂಕು ಇಳಿಸಿ ಗೂಲ್‌ಗಳನ್ನು ಮಾತಿಗೆ ಎಳೆಯುವುದು. ವಿಕಿರಣಕ್ಕೆ ಸಿಕ್ಕಿಯೂ ಸಾಯದೆ ಉಳಿದ ಮನುಷ್ಯರು ಇವರು. ಚರ್ಮ ಸುಲಿದಿದೆ, ಮೂಗು ಉದುರಿದೆ, ದನಿ ಗೊಗ್ಗರಾಗಿದೆ, ಆಯಸ್ಸು ಮಾತ್ರ ಮುಗಿಯುವುದಿಲ್ಲ. ಉಳಿದವರನ್ನು ಕೊಲ್ಲುವ ವಿಕಿರಣ ಇವರ ಗಾಯ ಮಾಯಿಸುತ್ತದೆ. ಆ ಲೋಕದಲ್ಲಿ ಬಾಂಬ್ ಬಿದ್ದದ್ದು 2077ರ ಅಕ್ಟೋಬರ್ 23ರಂದು. ಇನ್ನೂರು ವರ್ಷ ಕಳೆದ ಮೇಲೂ ಆ ದಿನವನ್ನು ಕಣ್ಣಾರೆ ಕಂಡವರ ಬಾಯಿಂದ ಕೇಳಬೇಕೆಂದರೆ ಇವರ ಬಳಿಗೇ ಹೋಗಬೇಕು.

ಬುದ್ಧಿ ಕಳೆದುಕೊಂಡ ಗೂಲ್‌ಗಳೂ ಉಂಟು. ಮೆಟ್ರೋ ಸುರಂಗದ ಕತ್ತಲಲ್ಲಿ ಮೈಮೇಲೆ ಬೀಳುತ್ತವೆ. ಗುಂಡು ಹಾರಿಸದೆ ವಿಧಿಯಿಲ್ಲ. ಅವುಗಳನ್ನು ಕಂಡು ಎಲ್ಲ ಗೂಲ್‌ಗಳೂ ಹೀಗೇ ಎಂದುಕೊಳ್ಳುವವರು ಆಟದ ಊರುಗಳಲ್ಲಿ ತುಂಬಿದ್ದಾರೆ.

2015ರಲ್ಲಿ ಬಂದ ನಾಲ್ಕನೆಯ ಆಟ ಶುರುವಾಗುವುದು ಬಾಂಬ್ ಬೀಳುವ ದಿನದ ಬೆಳಿಗ್ಗೆ. ಸೇಲ್ಸ್‌ಮನ್ ಒಬ್ಬ ಬಾಗಿಲಿಗೆ ಬಂದು, ನೆಲದಡಿಯ ಆಶ್ರಯವಾದ ವಾಲ್ಟ್ 111ರಲ್ಲಿ ನಿಮ್ಮ ಕುಟುಂಬಕ್ಕೆ ಜಾಗವಿದೆ ಎಂದು ವಿವರ ಬರೆಸಿಕೊಂಡು ಹೋಗುತ್ತಾನೆ. ಸ್ವಲ್ಪ ಹೊತ್ತಿಗೇ ಸೈರನ್. ಸಂಸಾರ ಸಮೇತ ನೀವು ಗೇಟಿನ ಬಳಿ ಓಡಿ ಬಂದರೆ ಅವನೂ ಅಲ್ಲೇ ಸೈನಿಕರ ಜೊತೆ ವಾದಕ್ಕಿಳಿದಿರುತ್ತಾನೆ: ಊರಿಗೆಲ್ಲ ಜಾಗ ಹಂಚಿದವನ ಹೆಸರು ಪಟ್ಟಿಯಲ್ಲಿಲ್ಲ. ನೀವು 210 ವರ್ಷ ಹಿಮದ ಪೆಟ್ಟಿಗೆಯಲ್ಲಿ ಮಲಗಿ ಏಳುತ್ತೀರಿ. ಗುಡ್‌ನೇಬರ್ ಎಂಬ ಊರಿನ ಹೋಟೆಲಿಗೆ ಹೋದರೆ ಆ ಸೇಲ್ಸ್‌ಮನ್ ಗೂಲ್ ಆಗಿ ಎದುರಾಗುತ್ತಾನೆ, ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ನಿಮ್ಮ ಮುಖದಲ್ಲಿ ಒಂದು ಸುಕ್ಕಿಲ್ಲ. ಅವನೋ, ಆ ಇನ್ನೂರು ವರ್ಷಗಳ ಒಂದೊಂದು ದಿನವನ್ನೂ ಬದುಕಿ ಬಂದವನು. ಅವನ ಸಿಟ್ಟನ್ನು ಪೂರ್ತಿ ಕೇಳಿಸಿಕೊಂಡು, ಕೊನೆಗೆ ನಮ್ಮೂರಿಗೇ ಬಂದು ಇರು ಎಂದು ಕರೆಯಬಹುದು. ನಾನು ಯಾವಾಗಲೂ ಕರೆಯುತ್ತೇನೆ.

ಹಾಗೆಂದು ಗೂಲ್‌ಗಳೆಲ್ಲ ಸಾಧುಗಳಲ್ಲ. 2008ರ ಮೂರನೆಯ ಆಟದ ಟೆನ್‌ಪೆನ್ನಿ ಟವರ್‌ನಲ್ಲಿ ಸಿರಿವಂತರ ವಾಸ. ಒಳಗೆ ಬಿಡಿ ಎನ್ನುವ ರಾಯ್ ಫಿಲಿಪ್ಸ್ ಎಂಬ ಗೂಲ್‌ಗೆ ಬಾಗಿಲು ತೆರೆಯುವುದಿಲ್ಲ. ಎರಡೂ ಕಡೆಯವರನ್ನು ಮಾತಾಡಿಸಿ, ಒಪ್ಪಿಸಿ, ಅವನ ಕಡೆಯವರನ್ನು ಒಳಗೆ ಸೇರಿಸುತ್ತೀರಿ. ಕೆಲವು ದಿನ ಬಿಟ್ಟು ಮತ್ತೆ ಹೋದರೆ ಅಲ್ಲಿದ್ದ ಮನುಷ್ಯರನ್ನು ರಾಯ್ ಕೊಲ್ಲಿಸಿರುತ್ತಾನೆ. ಎದೆ ಹಿಂಡುವ ಕಥೆ. ಆದರೂ ಇದೇ ಆ ಆಟದ ಅತ್ಯುತ್ತಮ ಬರವಣಿಗೆ ಎನ್ನುತ್ತೇನೆ: ಗೂಲ್ ಮನುಷ್ಯನೇ ಎಂದು ಒಪ್ಪಿದ ಮೇಲೆ ಮನುಷ್ಯನ ಕ್ರೌರ್ಯವೂ ಅವನಲ್ಲಿರುತ್ತದೆ.

ನಿಜವಾದ ವಿಕಿರಣ ಯಾರನ್ನೂ ಚಿರಂಜೀವಿ ಮಾಡುವುದಿಲ್ಲ. ಅದರಿಂದ ಜೀವಕೋಶದ ಡಿಎನ್ಎ ತುಂಡಾಗುತ್ತದೆ. ಪ್ರಮಾಣ ಮಿತಿಮೀರಿದರೆ ದಿನಗಳಲ್ಲೋ ವಾರಗಳಲ್ಲೋ ಜೀವ ಹೋಗುತ್ತದೆ. ಮುಚ್ಚಿದ ಬಾಗಿಲುಗಳು ಮಾತ್ರ ಕಟ್ಟುಕಥೆಯಲ್ಲ. ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದ ಹಿಬಾಕುಷಾಗಳಿಗೆ ಕೆಲಸ ಸಿಗುವುದು, ಮದುವೆ ಸಂಬಂಧ ಕೂಡಿಬರುವುದು ಕಷ್ಟವಾಯಿತು. ಅವರ ಮಕ್ಕಳ ಮೇಲೆ ದಶಕಗಳ ಕಾಲ ನಡೆದ ಅಧ್ಯಯನಗಳಲ್ಲಿ ಆನುವಂಶಿಕ ದೋಷ ಗಮನಾರ್ಹವಾಗಿ ಹೆಚ್ಚಿದ್ದು ಕಂಡುಬಂದಿಲ್ಲ. ಜನರ ಭಯ ಆ ಮಕ್ಕಳನ್ನೂ ಬಿಡಲಿಲ್ಲ. ಇದನ್ನು ಓದಿಕೊಂಡ ಮೇಲೆ ಗೂಲ್‌ಗಳ ಮಾತನ್ನು ಸ್ಕಿಪ್ ಮಾಡಲು ನನಗೆ ಮನಸ್ಸಾಗುವುದಿಲ್ಲ.

ಮೂರನೆಯ ಆಟವನ್ನು ಇನ್ನೂ ಆಡದವರಿಗೆ ಒಂದು ಮಾತು. ಮೆಗಾಟನ್ ಊರಿನ ಬಾರ್‌ನಲ್ಲಿ ಗಾಬ್ ಎಂಬ ಗೂಲ್ ದುಡಿಯುತ್ತಾನೆ. ನೀವು ಬೈಯದೆ, ಹೊಡೆಯದೆ ಮಾತಾಡಿಸಿದ್ದಕ್ಕೇ ಬೆರಗಾಗುತ್ತಾನೆ. ಲೋಕ ನೋಡಲೆಂದು ಮನೆ ಬಿಟ್ಟು, ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕವನು. ಅವನನ್ನು ಮಗನೆಂದುಕೊಂಡ ಕ್ಯಾರಲ್ ವಾಷಿಂಗ್ಟನ್‌ನ ಹಳೇ ಮ್ಯೂಸಿಯಂ ಒಳಗಿರುವ ಅಂಡರ್‌ವರ್ಲ್ಡ್ ಎಂಬ ಗೂಲ್‌ಗಳ ಊರಿನಲ್ಲಿ ಇದ್ದಾಳೆ. ಆ ಕಡೆ ಹೋದಾಗ, ಎಷ್ಟೇ ಅವಸರವಿದ್ದರೂ, ಗಾಬ್ ಬದುಕಿದ್ದಾನೆ ಎಂದು ಅವಳಿಗೆ ಹೇಳಿ ಬನ್ನಿ.