ನಂದಿಯ ನೆತ್ತಿಯಲ್ಲೊಂದು ಬಾಡಿಗೆ ಮನೆ

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ‘ಬಾಡಿಗೆ’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ, ಸಿದ್ಧ ಉಡುಪಿನ ಘಟಕಗಳಿಗೆ ದುಡಿಯಲು ಬಂದ ಸಾವಿರಾರು ಕುಟುಂಬಗಳಿಗೆ ಇದು ನೆಲೆ. ಹತ್ತು ತಿಂಗಳ ಅಡ್ವಾನ್ಸ್, ಐದನೇ ತಾರೀಖಿನೊಳಗೆ ಬಾಡಿಗೆ, ನೀರಿಗೆ ಬೇರೆ ದುಡ್ಡು, ಗೋಡೆಗೆ ಮೊಳೆ ಹೊಡೆಯಬಾರದು. ಇವು ಇಲ್ಲಿಯ ಅಲಿಖಿತ ಶಾಸನಗಳು. ಹಂಚಿನ ಹಳೆಯ ಮನೆ ಕಂಡರೆ ಅದರ ಜಾಗದಲ್ಲಿ ಎಷ್ಟು ಅಂತಸ್ತು ಏಳಬಹುದು ಎಂದು ಲೆಕ್ಕ ಹಾಕುವ ಊರು ಇದು. ಇಂಥ ಊರಿನ ಜನಕ್ಕೆ, ರಜೆ ಕಳೆಯಲೆಂದು ನೂರೈವತ್ತು ವರ್ಷ ಹಳೆಯ ಮನೆಯೊಂದನ್ನು ಎರಡು ದಿನಕ್ಕೆ ಬಾಡಿಗೆಗೆ ಹಿಡಿಯಿರಿ ಎಂದರೆ ನಗು ಬರುವುದು ಸಹಜ.

ಆದರೆ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಇದು ದಿನನಿತ್ಯದ ವ್ಯವಹಾರ. ಅಲ್ಲಿಯ ಸಣ್ಣ ಸಂತೆಪಟ್ಟಣಗಳಲ್ಲಿ, ಅಂದರೆ ರಾಜನ ಸನ್ನದು ಪಡೆದು ವಾರಕ್ಕೊಮ್ಮೆ ಸಂತೆ ನಡೆಸುತ್ತಾ ಬೆಳೆದ ಊರುಗಳಲ್ಲಿ, ಮರದ ತೊಲೆಯ ಹಳೆಯ ಮನೆಗಳನ್ನು ರಜೆಗೆಂದೇ ಬಾಡಿಗೆಗೆ ಕೊಡುತ್ತಾರೆ. ಬಾಗಿಲು ಗಿಡ್ಡ, ನೆಲ ಓರೆ, ಮೆಟ್ಟಿಲು ಕಡಿದು. ಆದರೂ ಜನ ಮುಂಗಡ ಕಾದಿರಿಸಿ ಬರುತ್ತಾರೆ. 1965ರಲ್ಲಿ ಆರಂಭವಾದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆಯಂತೂ ಬೀಳುವ ಸ್ಥಿತಿಯಲ್ಲಿರುವ ಚಾರಿತ್ರಿಕ ಕಟ್ಟಡಗಳನ್ನು ಹಿಡಿದು, ದುರಸ್ತಿ ಮಾಡಿ, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದನ್ನೇ ಕಾಯಕ ಮಾಡಿಕೊಂಡಿದೆ. ಇಂದು ಅದರ ಕೈಯಲ್ಲಿ ಸುಮಾರು 200 ಕಟ್ಟಡಗಳಿವೆ. ಅಲ್ಲಿ ಟೆಲಿವಿಷನ್ ಇಡುವುದಿಲ್ಲ. ಬದಲಿಗೆ ತಂಗಿದವರು ತಮ್ಮ ಅನುಭವ ಬರೆದಿಡಲು ಒಂದು ಪುಸ್ತಕ ಇಟ್ಟಿರುತ್ತಾರೆ. ಬಾಡಿಗೆಯ ಹಣ ಸೂರಿನ ದುರಸ್ತಿಗೆ ಒದಗುತ್ತದೆ. ಮನೆ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತದೆ!

ಹಾಗೆ ಬಾಡಿಗೆಗೆ ಸಿಗುವ ಕಟ್ಟಡಗಳ ಪೈಕಿ ಸುಂಕದಕಟ್ಟೆಯವರು ಗಮನಿಸಬೇಕಾದ ಒಂದು ಜಾತಿಯಿದೆ. ಅದು ಸುಂಕದ ಮನೆ. ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿಯ ಹೆದ್ದಾರಿಗಳನ್ನು ನೋಡಿಕೊಳ್ಳುತ್ತಿದ್ದ ಮಂಡಳಿಗಳು ರಸ್ತೆಗೆ ಗೇಟು ಹಾಕಿ, ಪಕ್ಕದಲ್ಲಿ ಪುಟ್ಟ ಮನೆ ಕಟ್ಟಿ, ಗಾಡಿಗೆ ಇಷ್ಟು, ಕುದುರೆಗೆ ಇಷ್ಟು, ದನದ ಮಂದೆಗೆ ಇಷ್ಟು ಎಂದು ವಸೂಲು ಮಾಡುತ್ತಿದ್ದವು. ರಸ್ತೆಯ ಎರಡೂ ದಿಕ್ಕು ಕಾಣುವಂತೆ ಮುಂದಕ್ಕೆ ಚಾಚಿದ ಕಿಟಕಿ ಈ ಮನೆಗಳ ಗುರುತು. ಷ್ರಾಪ್‌ಷೈರ್ ಪ್ರಾಂತದ ಐರನ್‌ಬ್ರಿಜ್ ಎಂಬಲ್ಲಿ, 1781ರಲ್ಲಿ ಸಂಚಾರಕ್ಕೆ ತೆರೆದ ಕಬ್ಬಿಣದ ಸೇತುವೆಯ ಬಳಿ ಸುಂಕದ ದರಪಟ್ಟಿಯ ಹಲಗೆ ಈಗಲೂ ಇದೆ. ರಾಜಮನೆತನದವರೂ ಸುಂಕ ಕೊಟ್ಟೇ ದಾಟಬೇಕು ಎಂದು ಅದರಲ್ಲಿ ಬರೆದಿದೆ. ಸುಂಕದ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಳಿಯಿತು, ಮನೆಗಳು ಉಳಿದವು. ಕೆಲವು ಇಂದು ರಜೆಯ ಬಿಡಾರಗಳು.

ನಮ್ಮಲ್ಲಿ ಆದದ್ದು ತಿರುಗುಮುರುಗು. ಸುಂಕದಕಟ್ಟೆಯಲ್ಲಿ ಹೆಸರು ಉಳಿದಿದೆ. ಸುಂಕ ವಸೂಲಿಯ ಕಾಲವನ್ನು ನೆನಪಿಸುವ ಕಟ್ಟೆ ಎಲ್ಲಿ ಎಂದು ಬಸ್ಸಿನಿಂದ ಇಳಿದವರು ಹುಡುಕಿದರೆ ಕಾಣುವುದು ಬೇಕರಿ, ಮೊಬೈಲ್ ಅಂಗಡಿ, ಆಟೊ ನಿಲ್ದಾಣ.

ಸುಂಕ ಕಿತ್ತವನ ಮನೆ

ಹಾಗಾದರೆ ಬೆಂಗಳೂರಿನ ಪಶ್ಚಿಮ ಅಂಚಿನವರಿಗೆ ಹಳೆಯ ಮನೆಯಲ್ಲಿ ತಂಗುವ ಯೋಗವೇ ಇಲ್ಲವೆ? ಇದೆ. ಸುಂಕದಕಟ್ಟೆಯಿಂದ ಸುಮಾರು 65 ಕಿಲೋಮೀಟರ್ ದೂರದ ನಂದಿಬೆಟ್ಟವೇ ಆ ಜಾಗ. ವಿಚಿತ್ರವೆಂದರೆ, ಅಲ್ಲಿಯ ಅತಿ ಪ್ರಸಿದ್ಧ ಮನೆಗೂ ಸುಂಕಕ್ಕೂ ಸಂಬಂಧವಿದೆ.

1831ರಲ್ಲಿ ನಗರದ ರೈತ ಬಂಡಾಯವನ್ನು ನೆಪ ಮಾಡಿಕೊಂಡು ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿ ಆಳಿದವನು ಮಾರ್ಕ್ ಕಬ್ಬನ್. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1775ರಲ್ಲಿ ಹುಟ್ಟಿದ ಈತ ಬ್ರಹ್ಮಚಾರಿ. ಬೇಸಿಗೆಯಲ್ಲಿ ತಂಗಲು ನಂದಿಬೆಟ್ಟದ ಮೇಲೆ ಈತನಿಗೊಂದು ಬಂಗಲೆ ಎದ್ದಿತು. ಅದನ್ನು ಕಟ್ಟಿಸಿದವನು ಫ್ರಾನ್ಸಿಸ್ ಕನ್ನಿಂಗ್‌ಹ್ಯಾಂ ಎಂಬ ಅಧಿಕಾರಿ.

ಕಬ್ಬನ್ ಬಂದಾಗ ಮೈಸೂರು ಸೀಮೆಯಲ್ಲಿದ್ದ ತೆರಿಗೆಗಳ ಪಟ್ಟಿ ಓದಿದರೆ ಇಂದು ನಗಬೇಕೋ ಅಳಬೇಕೋ ತಿಳಿಯದು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಜವಳ ತೆಗೆಸಿದರೆ ತೆರಿಗೆ. ಒಂದು ಹಳ್ಳಿಯವರು, ತಮ್ಮ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆತಲಾಂತರದಿಂದ ದಂಡ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದು ಹೋದರೂ ತೆರಿಗೆ! ಇಂಥ ಏಳುನೂರಕ್ಕೂ ಹೆಚ್ಚು ಬಗೆಯ ಸಣ್ಣಪುಟ್ಟ ತೆರಿಗೆಗಳು ಕಬ್ಬನ್ ಕಾಲದಲ್ಲಿ ರದ್ದಾದವು. ಸರಕಿನ ಓಡಾಟಕ್ಕೆ ಅಡ್ಡಿಯಾಗಿದ್ದ ಸುಂಕಗಳಿಗೂ ಕತ್ತರಿ ಬಿತ್ತು. ಪರದೇಶದ ಆಳ್ವಿಕೆ ಪರದೇಶದ್ದೇ. ಅದರ ಲಾಭನಷ್ಟದ ಲೆಕ್ಕ ಬೇರೆ. ಆದರೂ ಈ ಒಂದು ಕೆಲಸವನ್ನು ಇತಿಹಾಸ ಮರೆತಿಲ್ಲ.

1861ರಲ್ಲಿ ಆರೋಗ್ಯ ಕೆಟ್ಟು, ಕಬ್ಬನ್ ಹುದ್ದೆ ಬಿಟ್ಟು ತಾಯ್ನಾಡಿಗೆ ಹೊರಟ. ಆರು ದಶಕಗಳ ನಂತರ ಊರಿನ ಕಡೆಗೆ ಮುಖ ಮಾಡಿದ್ದ. ಊರು ಮುಟ್ಟಲಿಲ್ಲ. ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ನಂದಿಯ ಮೇಲಿನ ಮನೆ ಮಾತ್ರ ಉಳಿಯಿತು. ಇಂದು ಅದರ ಹೆಸರು ನೆಹರೂ ನಿಲಯ.

ಅತಿಥಿಗಳ ಸಾಲು

ಬೆಟ್ಟದ ಇತಿಹಾಸ ಕಬ್ಬನ್‌ನಿಂದ ಶುರುವಾದದ್ದಲ್ಲ. ತಪ್ಪಲಿನ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. ನೆತ್ತಿಯ ಮೇಲೆ ಯೋಗನಂದೀಶ್ವರ ಕೂತಿದ್ದಾನೆ. ಕೆಳಗೆ ಭೋಗ, ಮೇಲೆ ಯೋಗ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರ್, ಟಿಪ್ಪು ಬಲಪಡಿಸಿದರು. ಕಾರ್ನ್‌ವಾಲಿಸ್‌ನ ಸೈನ್ಯ 1791ರ ಅಕ್ಟೋಬರಿನಲ್ಲಿ ವಾರಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಹಿಡಿಯಿತು. ಟಿಪ್ಪುವಿನ ಬೇಸಿಗೆ ಅರಮನೆಯೂ ಇಲ್ಲಿದೆ.

1927ರ ಬೇಸಿಗೆಯಲ್ಲಿ ಕಾಯಿಲೆಯಿಂದ ಬಳಲಿದ್ದ ಗಾಂಧೀಜಿ ಇಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ಸೇರಿದಾಗ ಏಳು ರಾಷ್ಟ್ರಗಳ ನಾಯಕರು ಈ ಬೆಟ್ಟ ಹತ್ತಿದರು. ದೊಡ್ಡವರು ಬಂದಾಗಲೆಲ್ಲ ಬಂಗಲೆಗಳಿಗೆ ಸುಣ್ಣಬಣ್ಣ. ಉಳಿದ ದಿನಗಳಲ್ಲಿ ತೋಟಗಾರಿಕೆ ಇಲಾಖೆ ದಶಕಗಳ ಕಾಲ ಇಲ್ಲಿಯ ವಸತಿಗೃಹಗಳನ್ನು ಸಾಮಾನ್ಯ ಪ್ರವಾಸಿಗರಿಗೂ ಬಾಡಿಗೆಗೆ ಕೊಟ್ಟುಕೊಂಡು ಬಂತು. ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ಹೊಸದಾಗಿ ಮದುವೆಯಾದವರು ಆಳರಸರ ಬೆಟ್ಟದ ಮೇಲೆ ಒಂದು ರಾತ್ರಿ ಮಲಗಿ ಎದ್ದು ಬಂದದ್ದು ಹೀಗೆ. ಈಚಿನ ವರ್ಷಗಳಲ್ಲಿ ನಿರ್ವಹಣೆ ಪ್ರವಾಸೋದ್ಯಮ ಇಲಾಖೆಯ ಕಡೆಗೆ ಸರಿದಿದೆ.

ಮೂರೂವರೆ ಡಿಗ್ರಿಯ ಸುಖ

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಷಿಯಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ ನಂದಿಯ ನೆತ್ತಿ ಬೆಂಗಳೂರಿಗಿಂತ ಮೂರೂವರೆ ಡಿಗ್ರಿಯಷ್ಟು ತಂಪು. ಕೇಳಲು ಅಲ್ಪ. ಆದರೆ ಏಪ್ರಿಲ್ ತಿಂಗಳಲ್ಲಿ ತಾರಸಿ ಕಾದ ಮೂರನೇ ಅಂತಸ್ತಿನ ಕೋಣೆಯಲ್ಲಿ ಮಲಗುವವರಿಗೆ ಆ ಮೂರೂವರೆ ಡಿಗ್ರಿಯ ಬೆಲೆ ಗೊತ್ತು.

ಹಳೆಯ ಬಂಗಲೆಗಳನ್ನು ಕಟ್ಟಿದವರಿಗೂ ಅದು ಗೊತ್ತಿತ್ತು. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡವಾಗಿ ಒಳಬಿಡುತ್ತದೆ. ಬಿಸಿಗಾಳಿ ಹಗುರ, ಎತ್ತರದ ಚಾವಣಿಯಿದ್ದರೆ ಅದು ಮಲಗಿದವರ ತಲೆಯಿಂದ ದೂರ ಮೇಲೇರಿ ಗವಾಕ್ಷಿಯಿಂದ ಹೊರಬೀಳುತ್ತದೆ. ಜಗಲಿಯ ನೆರಳು ಗೋಡೆಗೆ ಬಿಸಿಲು ತಾಗದಂತೆ ಕಾಯುತ್ತದೆ. ವಿದ್ಯುತ್ತಿನ ಹಂಗಿಲ್ಲದ ಈ ವ್ಯವಸ್ಥೆಯನ್ನು ನಮ್ಮ ತೊಟ್ಟಿಮನೆಗಳು ಬೇರೆ ರೀತಿಯಲ್ಲಿ ಸಾಧಿಸಿದ್ದವು.

ರಾತ್ರಿ ತಂಗಿದವರಿಗಷ್ಟೇ ಸಿಗುವ ನೋಟ ಬೆಳಗಿನದು. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ಶೇಖರವಾಗುತ್ತದೆ. ಅದರ ತೇವ ಮಂಜಾಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಬೆಟ್ಟದ ಮೇಲಿನವರು ಬಿಸಿಲಿನಲ್ಲಿ, ಕೆಳಗಿನ ಊರುಗಳು ಹತ್ತಿಯ ಹಾಸಿನಡಿಯಲ್ಲಿ. ಹಕ್ಕಿ ನೋಡುವವರಿಗೆ ಬಯಲುಸೀಮೆಯ ನಡುವೆಯೇ ಪಶ್ಚಿಮಘಟ್ಟದ ನೀಲಗಿರಿ ಕಾಡುಪಾರಿವಾಳ ಸಿಗಬಹುದಾದ ಅಪರೂಪದ ತಾಣ ಇದು.

ಮಾಗಡಿ ರಸ್ತೆಯವರಿಗೆ ಇಲ್ಲಿ ನೆಂಟಸ್ತಿಕೆಯೊಂದಿದೆ. ಅರ್ಕಾವತಿ ಹುಟ್ಟುವುದು ನಂದಿಯ ಮಡಿಲಲ್ಲಿ. ದೊಡ್ಡಬಳ್ಳಾಪುರ, ಹೆಸರಘಟ್ಟ ಹಾದು ಬರುವ ಆ ನದಿಗೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ತಂದರು. ಸುಂಕದಕಟ್ಟೆಯಿಂದ ಮಾಗಡಿ ಕಡೆಗೆ ಹೋದರೆ ಸಿಗುವ ಜಲಾಶಯ ಅದೇ. ಕೆರೆಗಳ ಕೊಂಡಿ ಕಳಚಿ, ಕಾರ್ಖಾನೆ ಮತ್ತು ಬಡಾವಣೆಗಳ ಕೊಳೆ ಸೇರಿ ನದಿ ಸೊರಗಿತು. ಬೆಟ್ಟದ ಮೇಲೆ ನಿಂತು ಕೆಳಗಿನ ಬಯಲನ್ನು ನೋಡುವಾಗ ಈ ಸಂಗತಿಯನ್ನೂ ನೆನೆಯಬೇಕು.

ಬೆಳಗ್ಗೆ ಬಂದು ಮಧ್ಯಾಹ್ನ ಹೋಗುವವರು

ನಂದಿಯ ಕಷ್ಟವಿರುವುದು ಇಲ್ಲೇ. ಬರುವವರಲ್ಲಿ ಬಹುಪಾಲು ಜನ ತಂಗುವುದಿಲ್ಲ. ಭಾನುವಾರ ಕತ್ತಲಲ್ಲೇ ಬೈಕು, ಕಾರುಗಳ ಸಾಲು. ಸೂರ್ಯೋದಯಕ್ಕೊಂದು ಫೋಟೊ, ಚುರುಮುರಿ, ಪ್ಲಾಸ್ಟಿಕ್ ಬಾಟಲಿ, ಮಧ್ಯಾಹ್ನಕ್ಕೆ ವಾಪಸು. 2021ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಗಿ ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತ್ತು. ತೆರೆದಾಗ ಅದೇ ಸಾಲು ಮತ್ತೆ ನಿಂತಿತು.

ಹಳೆಯ ಮನೆಗೆ ಇಂಥ ಅತಿಥಿಗಳಿಂದ ಉಪಯೋಗವಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತುವವನಿಗೂ ಅದೇ ಗೋಡೆಯ ಮಗ್ಗುಲಲ್ಲಿ ಮಲಗಿ ಮಳೆಯ ಸದ್ದು ಕೇಳಿದವನಿಗೂ ವ್ಯತ್ಯಾಸವಿದೆ. ಎರಡನೆಯವನು ಸೋರುವ ಹಂಚನ್ನು ಗಮನಿಸುತ್ತಾನೆ, ದೂರು ಕೊಡುತ್ತಾನೆ, ಬಾಡಿಗೆ ತೆತ್ತದ್ದಕ್ಕೆ ಲೆಕ್ಕ ಕೇಳುತ್ತಾನೆ. ಮನೆ ಉಳಿಯುವುದು ಅಂಥವರಿಂದ. ಬೆಟ್ಟದ ಬುಡದಿಂದ ತುಸು ದೂರದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಸ್ಮಾರಕವಾಗಿ ಉಳಿದಿದೆ, ಅದು ಸರಿಯೇ. ಆದರೆ ನಾಡಿನ ಎಲ್ಲ ಹಳೆಯ ಮನೆಗಳನ್ನೂ ಸ್ಮಾರಕ ಮಾಡಲಾಗದು. ಗಾಜಿನ ಪೆಟ್ಟಿಗೆಯಲ್ಲಿಡಲು ಆಗದ ಮನೆಗಳಿಗೆ ಇರುವ ದಾರಿ ಎರಡೇ: ಯಾರಾದರೂ ವಾಸಿಸಬೇಕು, ಇಲ್ಲವೆ ಬಿದ್ದುಹೋಗಬೇಕು.

ಈ ಕೂಟದಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ದುರಸ್ತಿಯ ಹೆಸರಿನಲ್ಲಿ ಬಾಡಿಗೆ ಏರಿದರೆ ಮನೆ ಉಳಿಯುತ್ತದೆ, ಆದರೆ ಸಾಮಾನ್ಯರು ಹೊರಗುಳಿಯುತ್ತಾರೆ. ಇಂಗ್ಲೆಂಡಿನಲ್ಲೂ ರಜೆಯ ಬಿಡಾರಗಳು ಹೆಚ್ಚಿದ ಕೆಲವು ಊರುಗಳಲ್ಲಿ ಸ್ಥಳೀಯರಿಗೇ ಮನೆ ಸಿಗದಂತಾಗಿದೆ ಎಂಬ ಕೂಗಿದೆ. ನಂದಿಯ ಸರ್ಕಾರಿ ವಸತಿಗೃಹಗಳ ದೊಡ್ಡತನ ಇದ್ದದ್ದು ಸಾಧಾರಣ ಸಂಬಳದವನ ಕೈಗೂ ಎಟಕುತ್ತಿದ್ದುದರಲ್ಲಿ. ಅದು ಉಳಿಯಬೇಕು.

ಹೋಗಬಯಸುವವರಿಗೆ ದಾರಿ ಸುಲಭ. ಸುಂಕದಕಟ್ಟೆಯಿಂದ ಸುಮನಹಳ್ಳಿ, ಹೊರವರ್ತುಲ ರಸ್ತೆ ಹಿಡಿದು ಗೊರಗುಂಟೆಪಾಳ್ಯ, ಹೆಬ್ಬಾಳ. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಟಿಪ್ಪು ಹುಟ್ಟಿದ ದೇವನಹಳ್ಳಿ ದಾಟಿ ಎಡಕ್ಕೆ ತಿರುಗಿದರೆ ನಂದಿ. ಬಸ್ಸಿನಲ್ಲಾದರೆ ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಿಸಬೇಕು. ಕೋಣೆಯನ್ನು ಮುಂಗಡವಾಗಿ ಕಾದಿರಿಸಿ, ವಾರದ ನಡುವಿನ ದಿನ ಆರಿಸಿಕೊಂಡರೆ ಉತ್ತಮ. ಮಕ್ಕಳಿಗೆ ಸ್ವೆಟರ್ ಮರೆಯಬಾರದು. ಬೆಟ್ಟದ ಮೇಲೆ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಯುವುದು ಸ್ವಲ್ಪ ತಡ. ಅಡಿಗೆಯವರನ್ನು ಗದರಿಸಿ ಪ್ರಯೋಜನವಿಲ್ಲ. ಇಳಿಯುವಾಗ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬರುವುದು ಒಳ್ಳೆಯದು.

ಎರಡು ದಿನ ಕಳೆದು, ಕೀಲಿ ಒಪ್ಪಿಸಿ, ಬಸ್ಸಿನಲ್ಲಿ ಊರಿಗೆ ಮರಳುವ ಕುಟುಂಬಕ್ಕೆ ಮಾಗಡಿ ರಸ್ತೆಯ ಹೊಗೆ ಮೊದಲಿಗಿಂತ ದಟ್ಟವಾಗಿ ಕಾಣುತ್ತದೆ. ‘ಸುಂಕದಕಟ್ಟೆ, ಯಾರ್ರೀ ಸುಂಕದಕಟ್ಟೆ’ ಎಂದು ಕಂಡಕ್ಟರ್ ಕೂಗುತ್ತಾನೆ. ಈವರೆಗೆ ಬರೀ ನಿಲ್ದಾಣದ ಹೆಸರಾಗಿದ್ದ ಆ ಮಾತಿನೊಳಗೆ ಒಂದು ಕಟ್ಟೆ, ಒಂದು ಗಾಡಿ, ಸುಂಕ ಕೊಟ್ಟು ದಾಟುವ ಒಬ್ಬ ರೈತ ಇದ್ದಾರೆಂದು ಆಗ ಹೊಳೆದರೆ, ಬಾಡಿಗೆ ಕೊಟ್ಟ ಹಣ ವ್ಯರ್ಥವಾಗಲಿಲ್ಲ.