ಪಿತ್ತಾಮ್ಲ ಮರಳುವ ಬಾಗಿಲು

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ಪಿತ್ತರಸಕ್ಕೆ ಸಿಗುವುದು ಕೆಲವೇ ವಾಕ್ಯಗಳು. ಯಕೃತ್ತಿನಿಂದ ಸಣ್ಣ ಕರುಳಿಗೆ ಒಂದು ಬಾಣ ಎಳೆದು, ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ ಎಂದರೆ ಪಾಠ ಮುಂದೆ ಸಾಗುತ್ತದೆ. ನನ್ನ ಅಭ್ಯಾಸ ಬೋಧನೆಯಲ್ಲಿ ಆ ಬಾಣ ನೋಡಿ ಒಬ್ಬ ವಿದ್ಯಾರ್ಥಿನಿ, “ಟೀಚರ್, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದಳು.

ಮರುದಿನದ ಪಾಠಯೋಜನೆಯಲ್ಲಿ ಇದಕ್ಕೆ ಹದಿನೈದು ನಿಮಿಷ ಇಟ್ಟುಕೊಂಡೆ. ಪಿತ್ತರಸದ ಪಿತ್ತಾಮ್ಲಗಳಲ್ಲಿ ಸುಮಾರು ಶೇ. 95ರಷ್ಟು ಕರುಳಿನಿಂದ ರಕ್ತ ಸೇರಿ ಯಕೃತ್ತಿಗೇ ಮರಳುತ್ತವೆ. ದಿನಕ್ಕೆ ಹಲವು ಸುತ್ತು. ಆದರೆ ಯಕೃತ್ತಿನ ಕೋಶಪೊರೆಯನ್ನು ಅವು ತಾವಾಗಿ ಸುಲಭಕ್ಕೆ ದಾಟಲಾರವು. ಒಳಗೆ ಕರೆದೊಯ್ಯುವ ಮುಖ್ಯ ಪ್ರೋಟೀನಿನ ಹೆಸರು ಎನ್‌ಟಿಸಿಪಿ. 349 ಅಮೈನೋ ಆಮ್ಲಗಳ ಸರಪಳಿ. ಒಂದು ಪಿತ್ತಾಮ್ಲದ ಜೊತೆ ಎರಡು ಸೋಡಿಯಂ ಅಯಾನುಗಳನ್ನೂ ಅದು ಒಳಗೆ ತರುತ್ತದೆ.

ಬೋಧನೋಪಕರಣಕ್ಕೆ ತರಗತಿಯ ಬಾಗಿಲೇ ಸಾಕಾಯಿತು. ‘ಪಿತ್ತಾಮ್ಲ’ ಚೀಟಿ ಹಿಡಿದವರು ಇಬ್ಬರು ‘ಸೋಡಿಯಂ’ಗಳ ಕೈ ಹಿಡಿದರೆ ಮಾತ್ರ ಒಳಗೆ ಪ್ರವೇಶ. ಮೂರನೆಯ ಸುತ್ತಿಗೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಹಿಂಗೇ ಬಂದ್ರೆ ಒಳಗೆಲ್ಲ ಬರೀ ಸೋಡಿಯಮ್ಮೇ ತುಂಬ್ಕೊಳಲ್ವಾ?” ಆಗ ಇಬ್ಬರನ್ನು ‘ಪಂಪ್’ ಆಗಿ ನಿಲ್ಲಿಸಿದೆವು. ಕೋಶದ ಪಂಪು ಎಟಿಪಿ ಖರ್ಚುಮಾಡಿ ಸೋಡಿಯಂ ಅನ್ನು ಹೊರಹಾಕುತ್ತಲೇ ಇರುತ್ತದೆ. ಹಾಗಾಗಿ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಆ ಅಂತರವೇ ಪಿತ್ತಾಮ್ಲವನ್ನು ಒಳಗೆಳೆಯುವ ಬಲ. ಉಸಿರಾಟದ ಭಾಗದಲ್ಲಿ ಬರಲಿದ್ದ ಎಟಿಪಿಯ ಪರಿಚಯವೂ ಇಲ್ಲೇ ಆಯಿತು.

ಹೆಪಟೈಟಿಸ್ ಬಿ ವೈರಸ್ಸೂ ಇದೇ ಬಾಗಿಲಿನಿಂದ ನುಗ್ಗುತ್ತದೆಂದು 2012ರಲ್ಲಿ ತಿಳಿಯಿತು ಎಂದಾಗ, “ಬಾಗಿಲು ಹಾಕ್ಬಿಟ್ರೆ ಆಯ್ತಲ್ಲ!” ಎಂದರು. ಬುಲೆವರ್ಟೈಡ್ ಎಂಬ ಔಷಧ ಮಾಡುವುದು ಅದನ್ನೇ. ಬಿ ವೈರಸ್ಸಿನ ಹೊದಿಕೆ ತೊಟ್ಟು ಬರುವ ಹೆಪಟೈಟಿಸ್ ಡಿ ಕಾಯಿಲೆಗೆ 2020ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಬಾಗಿಲು ಮುಚ್ಚಿದರೆ ಏನಾಗುತ್ತದೆಂದು ನಾನು ಹೇಳುವ ಮೊದಲೇ ವರಾಂಡದಲ್ಲಿ ಉಳಿದಿದ್ದ ‘ಪಿತ್ತಾಮ್ಲ’ಗಳು, “ನಾವೆಲ್ಲ ರಕ್ತದಲ್ಲೇ ಉಳ್ಕೊಂಡ್ವಿ ಟೀಚರ್” ಎಂದು ಕೂಗಿದವು. ಔಷಧ ಪಡೆದವರ ರಕ್ತದಲ್ಲಿ ಪಿತ್ತಾಮ್ಲ ಏರುವುದು ನಿಜ.

ವೀಕ್ಷಣಾ ಪುಸ್ತಕದಲ್ಲಿ ‘ಪಠ್ಯದ ಹೊರಗಿನ ವಿಷಯ’ ಎಂಬ ಷರಾ ಬಂತು. ಪರೀಕ್ಷೆ ಎದುರಿಸುವ ಮಕ್ಕಳ ದೃಷ್ಟಿಯಿಂದ ಆ ಮಾತಿಗೆ ತೂಕವಿದೆ. ಆದರೆ ಒಂದೇ ಬಾಣ ಕಂಡ ಮಗು ದೇಹವನ್ನು ಬರಿಯ ಕೊಳವೆ ಎಂದುಕೊಳ್ಳುತ್ತದೆ. ಸಮಯ ಸಾಲದಿದ್ದರೆ ಪ್ರೋಟೀನಿನ ಹೆಸರು ಬಿಡಬಹುದು; ಮರಳಿ ಬರುವ ಬಾಣವನ್ನು ಎಳೆಯಲು ಬೇಕಾಗುವುದು ಅರ್ಧ ನಿಮಿಷ.