ತಾಯಿಯ ದಿನವೋ, ತಾಯಂದಿರ ದಿನವೋ?



ಮೇ ತಿಂಗಳ ಎರಡನೆಯ ಭಾನುವಾರದಂದು ಶ್ರೀಮಠದಲ್ಲಿಯೂ ‘ತಾಯಂದಿರ ದಿನ’ವನ್ನು ಆಚರಿಸಬೇಕೆಂದು ಕೆಲವು ಯುವಕರು ಪೂಜ್ಯರಲ್ಲಿ ಬಿನ್ನವಿಸಿಕೊಂಡರು. ಅಲ್ಲಿಯೇ ಇದ್ದ ಹಿರಿಯ ಭಕ್ತರೊಬ್ಬರು, “ಅದು ಪರದೇಶದ ಅಂಗಡಿಯವರು ಹುಟ್ಟಿಸಿದ ಹಬ್ಬ, ನಮಗೇಕೆ ಬುದ್ಧಿ?” ಎಂದರು. ಪೂಜ್ಯರು ಎರಡು ಮಾತನ್ನೂ ಆಲಿಸಿ, ಅದರ ಮೂಲವನ್ನು ತಿಳಿದು ಬರೆಯುವಂತೆ ನನಗೆ ಅಪ್ಪಣೆ ಮಾಡಿದರು. ವಚನಗಳ ಪಾಠಾಂತರಗಳಲ್ಲಿಯೇ ದಿನ ಕಳೆಯುವ ನನಗೆ ಈ ಕಾರ್ಯ ಹೊಸದು. ಆದರೆ ಓದುತ್ತ ಹೋದಂತೆ ಮನಸ್ಸು ಅಲ್ಲಿಯೇ ನೆಲೆನಿಂತಿತು.

ಅಮೆರಿಕದ ಇಂದಿನ ವೆಸ್ಟ್ ವರ್ಜೀನಿಯಾ ಪ್ರಾಂತದಲ್ಲಿ ಆನ್ ರೀವ್ಸ್ ಜಾರ್ವಿಸ್ ಎಂಬ ಗೃಹಿಣಿ ಇದ್ದರು. ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತ ಆ ತಾಯಿಗೆ ಪ್ರಾಯಕ್ಕೆ ಬರುವವರೆಗೆ ಉಳಿದವರು ನಾಲ್ವರು ಮಾತ್ರ. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡು ಅವರು ಸುಮ್ಮನೆ ಕೂರಲಿಲ್ಲ. 1858ರ ಸುಮಾರಿಗೆ ಸುತ್ತಲಿನ ಊರುಗಳ ತಾಯಂದಿರನ್ನು ಕೂಡಿಸಿ ಸಂಘಗಳನ್ನು ಕಟ್ಟಿದರು. ಊರಿನ ನೈರ್ಮಲ್ಯ, ಮಕ್ಕಳು ಕುಡಿಯುವ ಹಾಲಿನ ಶುದ್ಧತೆ, ಬಡ ರೋಗಿಗಳ ಔಷಧಿ ಇವು ಆ ಸಂಘಗಳ ಕೆಲಸ. 1861ರಲ್ಲಿ ಅಂತರ್ಯುದ್ಧ ತೊಡಗಿದಾಗ ಅದೇ ತಾಯಂದಿರು ಇತ್ತಂಡದ ಸೈನಿಕರಿಗೂ ಶುಶ್ರೂಷೆ ಮಾಡಿದರು. ಯುದ್ಧ ಮುಗಿದರೂ ನೆರೆಹೊರೆಯವರೊಳಗೆ ಹಗೆ ಮುಗಿದಿರಲಿಲ್ಲ. 1868ರಲ್ಲಿ ಆನ್ ಅವರು ಎರಡೂ ಪಕ್ಷದ ಕುಟುಂಬಗಳನ್ನು ಒಂದೆಡೆ ಕರೆದು ತಾಯಂದಿರ ಸ್ನೇಹದ ದಿನವನ್ನು ನಡೆಸಿದರು. ಈ ಭಾಗವನ್ನು ಟಿಪ್ಪಣಿ ಮಾಡಿಕೊಳ್ಳುವಾಗ ನನ್ನ ಕೈ ತಾನಾಗಿಯೇ ಅಂಚಿನಲ್ಲಿ ‘ಕಾಯಕ’ ಎಂದು ಬರೆಯಿತು. ಬೇರೆ ಪದ ಹೊಳೆಯಲಿಲ್ಲ.

ಆ ತಾಯಿ 1905ರ ಮೇ 9ರಂದು ತೀರಿಕೊಂಡರು. ಮಗಳು ಆನಾ ಜಾರ್ವಿಸ್ ತಾಯಿಯ ಹೆಸರಿನಲ್ಲಿ ಒಂದು ದಿನ ನಿಲ್ಲಬೇಕೆಂದು ಪಣತೊಟ್ಟರು. 1908ರ ಮೇ 10ರಂದು ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಮೊದಲ ಪ್ರಾರ್ಥನೆ ನಡೆಯಿತು. ತಾಯಿಗೆ ಪ್ರಿಯವಾಗಿದ್ದ ಬಿಳಿಯ ಕಾರ್ನೇಷನ್ ಹೂಗಳನ್ನು, ಐನೂರು, ಆನಾ ಅಲ್ಲಿಗೆ ಕಳಿಸಿಕೊಟ್ಟಿದ್ದರು. ಆಮೇಲೆ ಅಧಿಕಾರಿಗಳಿಗೆ, ಧರ್ಮಗುರುಗಳಿಗೆ, ವರ್ತಕರಿಗೆ ಎಡೆಬಿಡದೆ ಪತ್ರ ಬರೆದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಮೇ ತಿಂಗಳ ಎರಡನೆಯ ಭಾನುವಾರವನ್ನು ಘೋಷಿಸಿದರು.

ನಮ್ಮ ಹಿರಿಯರ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಅಂಗಡಿಯವರು ಈ ದಿನವನ್ನು ಹೆರಲಿಲ್ಲ. ಹುಟ್ಟಿದ ಮೇಲೆ ಎತ್ತಿಕೊಂಡು ಹೋದರು. ಹೂವಿನ ಬೆಲೆ ಏರಿತು, ಅಚ್ಚಾದ ಶುಭಾಶಯ ಪತ್ರ ಬಂತು, ಮಿಠಾಯಿ ಡಬ್ಬಿ ಬಂತು. ಕೈಯಾರೆ ನಾಲ್ಕು ಸಾಲು ಬರೆಯಲಾರದವರು ಕೊಂಡ ಕಾಗದವನ್ನು ತಾಯಿಗೆ ಕಳಿಸುವುದು ಆನಾಗೆ ಸಹಿಸಲಾಗದ ಸಂಗತಿಯಾಯಿತು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ದಿನದ ಹೂ ಮಾರಿ ಹಣ ಕೂಡಿಸುತ್ತಿದ್ದ ಸಮಾವೇಶಕ್ಕೆ ನುಗ್ಗಿ ಪ್ರತಿಭಟಿಸಿ, ಶಾಂತಿಭಂಗದ ಆರೋಪದ ಮೇಲೆ ಬಂಧಿತರಾದರು. ತಾವೇ ತಂದ ಹಬ್ಬವನ್ನು ತಾವೇ ರದ್ದುಗೊಳಿಸಲು ಹೋರಾಡಿ, ಇದ್ದ ಆಸ್ತಿಯನ್ನೆಲ್ಲ ಅದಕ್ಕೇ ಸವೆಸಿ, 1948ರಲ್ಲಿ ಒಂದು ಆರೋಗ್ಯಧಾಮದಲ್ಲಿ ಬರಿಗೈಯಲ್ಲಿ ಕಣ್ಮುಚ್ಚಿದರು. ಅವರಿಗೆ ಮಕ್ಕಳಿರಲಿಲ್ಲ. ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತಾವೆಲ್ಲ ಬಲ್ಲಿರಿ. ಲಕ್ಕಮ್ಮನ ಮಾತನ್ನು ಕೇಳಲು ಒಬ್ಬ ಮಾರಯ್ಯನಿದ್ದ. ಆನಾಗೆ ಯಾರೂ ಇರಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಕನ್ನಡದ ವಿದ್ಯಾರ್ಥಿಯಾಗಿ ಹೇಳಬೇಕು. ಆನಾ ಈ ದಿನದ ಹೆಸರಿನಲ್ಲಿ ಏಕವಚನವನ್ನೇ ಹಟ ಹಿಡಿದು ಇಟ್ಟರು: ಪ್ರತಿಯೊಬ್ಬರೂ ತಮ್ಮ ತಾಯಿಯನ್ನು ನೆನೆಯುವ ದಿನ ಅದಾಗಬೇಕು. ಕನ್ನಡದಲ್ಲಿ ನಾವು ‘ತಾಯಂದಿರ ದಿನ’ ಎಂದು ಬಹುವಚನ ಮಾಡಿಕೊಂಡೆವು. ಮಗಳು ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಆ ತಾಯಿ? ಊರ ಮಕ್ಕಳಿಗೆಲ್ಲ ಶುದ್ಧವಾದ ಹಾಲು ಸಿಗಲೆಂದು ಮನೆಮನೆಗೆ ಅಲೆದ ಆನ್ ರೀವ್ಸ್ ಅವರ ನೆನಪು ಏಕವಚನದಲ್ಲಿ ಅರ್ಧ ಅಳಿಸಿಹೋಯಿತು ಎಂದೇ ನನ್ನ ಭಾವನೆ. ನಮ್ಮ ಬಹುವಚನ, ಅರಿಯದೆಯೇ ಬಂದದ್ದಾದರೂ, ಅವರಿಗೆ ಹತ್ತಿರವಾಗಿದೆ.

ಒಂದು ಆಚರಣೆ ಈಚಿನದೆಂಬುದು ಅದರ ದೋಷವಲ್ಲ. ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ತೊಡಗಿದ್ದು 1913ರಲ್ಲಿ.

ನನ್ನನ್ನು ಹೆಚ್ಚು ಕಲಕಿದ್ದು ನೇಪಾಳದ ಸಂಪ್ರದಾಯ. ನಮ್ಮ ಪಂಚಾಂಗದ ಚೈತ್ರ ಬಹುಳ ಅಮಾವಾಸ್ಯೆ, ಅಂದರೆ ಬಸವ ಜಯಂತಿಗೆ ಎರಡು ಮೂರು ದಿನ ಮುಂಚೆ, ಅಲ್ಲಿ ತಾಯಿಯ ಮುಖ ನೋಡುವ ದಿನ. ತಾಯಿ ಇದ್ದವರು ಸಿಹಿತಿನಿಸು ಒಯ್ದು ಮುಖ ನೋಡಿ ಬರುತ್ತಾರೆ. ಇಲ್ಲದವರು ಕಾಠ್ಮಂಡು ಬಳಿಯ ಮಾತಾತೀರ್ಥಕ್ಕೆ ಹೋಗುತ್ತಾರೆ. ತಾಯಿಯನ್ನು ಕಳೆದುಕೊಂಡ ಗೋಪಾಲನೊಬ್ಬನಿಗೆ ಅಲ್ಲಿಯ ಕೊಳದಲ್ಲಿ ಆಕೆಯ ಮುಖ ಕಂಡಿತೆಂಬುದು ಐತಿಹ್ಯ. ತೀರ್ಥಸ್ನಾನದ ಬಗೆಗೆ ಶರಣರ ನಿಲುವೇನೆಂದು ನಾನು ಬಲ್ಲೆ. ಆದರೂ ನನ್ನವ್ವ ಲಿಂಗೈಕ್ಯಳಾಗಿ ಹನ್ನೊಂದು ವರ್ಷವಾಯಿತು. ನನ್ನ ಬಳಿ ಇರುವುದು ಪಡಿತರ ಚೀಟಿಯ ಒಂದು ಮಸುಕಾದ ಚಿತ್ರ ಮಾತ್ರ. ಕೊಳದಂಚಿಗೆ ಬಾಗುವ ಆ ಜನರ ಮೇಲೆ ವಾದ ಹೂಡಲು ನನಗೆ ಮನಸ್ಸು ಬರಲಿಲ್ಲ.

ವೇದಿಕೆ ಕಟ್ಟಿ ತಾಯಂದಿರಿಗೆ ಶಾಲು ಹೊದಿಸಬೇಕೆಂಬ ಸಲಹೆಗೆ ನಾನು ಒಪ್ಪದಿರುವುದಕ್ಕೆ ಕಾರಣ ಬೇರೆ. ಬೇಸಿಗೆಯ ರಜೆಯಲ್ಲಿ ನಮ್ಮ ಪ್ರಸಾದನಿಲಯ ಬರಿದಾದರೂ ಆರೇಳು ಮಕ್ಕಳು ಇಲ್ಲಿಯೇ ಉಳಿಯುತ್ತಾರೆ. ಕರೆದೊಯ್ಯಲು ಬರುವವರಿಲ್ಲದ ಮಕ್ಕಳವರು. ಶಾಲು ಹೊದಿಸುವ ಹೊತ್ತಿನಲ್ಲಿ ಅವರು ಎಲ್ಲಿ ಕೂರಬೇಕು? ಪೂಜ್ಯರಲ್ಲಿ ಇಷ್ಟನ್ನೇ ನಿವೇದಿಸಿಕೊಂಡೆ. ಆ ಸಂಜೆ ಸಾಮೂಹಿಕ ಪ್ರಾರ್ಥನೆಯ ಬಳಿಕ, ತನ್ನನ್ನು ಸಾಕಿದವರು ಮಾಡಿದ ಒಂದು ಕೆಲಸವನ್ನು ಪ್ರತಿಯೊಬ್ಬರೂ ಎದ್ದುನಿಂತು ಹೇಳಲಿ, ಅಷ್ಟೇ ಸಾಕೆಂದು ಅಪ್ಪಣೆಯಾಗಿದೆ. ಉಳಿದುಕೊಂಡ ಹುಡುಗರಲ್ಲಿ ಒಬ್ಬ ನಿನ್ನೆ ನನ್ನ ಬಳಿಗೆ ಬಂದು, ದಾಸೋಹದ ಮನೆಯಲ್ಲಿ ರೊಟ್ಟಿ ತಟ್ಟುವ ಅಜ್ಜಿಯ ಹೆಸರನ್ನು ಹೇಳಬಹುದೇ ಎಂದು ಕೇಳಿದ. ಹೇಳಬಹುದೆಂದೆ.